ಬ್ಯಾಂಕಿನವರು ಮುಚ್ಚಿಟ್ಟಿದ್ದ ಗಾರೆ ಚಾವಣಿ

ಈ ಚಾವಣಿ ಉಳಿಯಲ್ಲ, ಕಿತ್ತು ಪ್ಲಾಸ್ಟರ್‌ಬೋರ್ಡ್ ಹೊಡೆಯಿರಿ ಅಂತ ಸೈಟಿಗೆ ಬಂದವರೆಲ್ಲ ಹೇಳಿದ್ದರು. ಉಳಿಯಿತು. ಚಳಿಗಾಲ ಕಳೆದರೂ ಕೂದಲೆಳೆಯಷ್ಟು ಬಿರುಕಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಸ್ಕಾಟ್ಲೆಂಡ್‌ನ ಎಡಿನ್‌ಬರೋ ಊರಿನ ನ್ಯೂ ಟೌನ್ ಬಡಾವಣೆಯ ಜಾರ್ಜಿಯನ್ (ಹದಿನೆಂಟು-ಹತ್ತೊಂಬತ್ತನೇ ಶತಮಾನದ ಶೈಲಿಯ) ಸಾಲುಮನೆ ಅದು, ನಡುವೆ ಬ್ಯಾಂಕ್ ಆಗಿತ್ತು. ಆ ಊರಲ್ಲಿ ಮನೆ ಬ್ಯಾಂಕ್ ಆಗುವುದು ಹಳೇ ರೂಢಿ. ವಿಲಿಯಂ ಚೇಂಬರ್ಸ್ ವಿನ್ಯಾಸದ ಡಂಡಾಸ್ ಹೌಸನ್ನು 1825ರಲ್ಲಿ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಕೊಂಡಿತು. ಆದರೆ ಗುಮ್ಮಟದ ದೊಡ್ಡ ಹಾಲನ್ನು 1857ರಲ್ಲಿ ಮನೆಯ ಹಿಂದೆ ಕಟ್ಟಿಸಿತು. ನಾವು ಕೆಲಸ ಹಿಡಿದ ಮನೆಗೆ ಆ ಅದೃಷ್ಟ ಇರಲಿಲ್ಲ. ಬೀದಿ ಕಡೆಯ ಊಟದ ಕೋಣೆಗೂ ಹಿಂದಿನ ಕೋಣೆಗೂ ನಡುವಿದ್ದ ಗೋಡೆ ಒಡೆದು, ಉಕ್ಕಿನ ತೊಲೆ ಕೊಟ್ಟು, ಬ್ಯಾಂಕಿನವರು ಕೌಂಟರ್ ಹಾಲ್ ಮಾಡಿದ್ದರು. ಆಮೇಲೆ ಫಾಲ್ಸ್ ಸೀಲಿಂಗ್ ತೂಗಿಸಲು ಹಳೇ ಗಾರೆಗೆ ಕಂಡಕಂಡಲ್ಲಿ ತೂತು.

ಸಡಿಲಾದ ಗಾರೆ ಎತ್ತಿ ಹಿಡಿಯಲು ಮೊದಲು ಕೆಳಗಿನಿಂದ ವಾಷರ್ ಕೊಟ್ಟು ಸ್ಕ್ರೂ ಬಿಗಿದೆವು. ಗಾರೆ ಹಿಡಿದಿಡುವ ಲ್ಯಾತ್ ಅನ್ನೋ ತೆಳು ಮರದ ಪಟ್ಟಿಗಳು ಸೀಳಿದವು. ಅಂಟು ತುಂಬಿಸಿದೆವು. ಅದು ದೂಳನ್ನು ಹಿಡಿಯಿತೇ ಹೊರತು ಗಾರೆಯನ್ನಲ್ಲ. ಇಷ್ಟಕ್ಕೇ ಸಾವಿರದೈನೂರು ಪೌಂಡ್ ಕೈಬಿಟ್ಟಿತು. ಮಾಲೀಕರು ಮಾತು ಕಮ್ಮಿ ಮಾಡಿದರು.

ಕೊನೆಗೆ ಮೇಲಿನಿಂದಲೇ ಕೆಲಸ ಹಿಡಿದೆವು. ಚಾವಣಿಗೆ ಕೆಳಗೆ ಮೆತ್ತನೆ ಹಾಸಿ ಪ್ಲೈವುಡ್ ಆಸರೆ ಕೊಟ್ಟು, ಮೊದಲ ಮಹಡಿಯ ಹಲಗೆಗಳನ್ನು ನಂಬರ್ ಬರೆದು ಎಬ್ಬಿಸಿದೆವು. ಸ್ಕಾಟ್ಲೆಂಡ್‌ನಲ್ಲಿ ಸದ್ದು ತಡೆಯಲು ಜಂತೆಗಳ ನಡುವೆ ಬೂದಿ ತುಂಬುತ್ತಿದ್ದರಲ್ಲ, ಅದೇ ಮೂರು ಟನ್ ಹತ್ತಿರ ಬಂತು! ಅದರೊಳಗೆ ಬ್ಯಾಂಕಿನ ಸತ್ತ ಅಲಾರಂ ವೈರುಗಳ ಸಿಂಬಿ. ಎಲ್ಲ ತೆಗೆದು, ಲ್ಯಾತ್ ಸಂದಿನಿಂದ ಮೇಲಕ್ಕುಬ್ಬಿ ಗಾರೆಯನ್ನು ಹಿಡಿದಿಡುವ ಗುಬಟುಗಳಲ್ಲಿ ಮುರಿದವನ್ನು ಆರಿಸಿ, ವ್ಯಾಕ್ಯೂಮ್ ಹೊಡೆದು, ಸ್ಟೇನ್‌ಲೆಸ್ ಜಾಲರಿಯನ್ನು ಜಂತೆಯ ಪಕ್ಕಕ್ಕೆ ಮಡಿಸಿ ಬಿಗಿದೆವು. ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಸುರಿಯುವ ಮೊದಲು ಗಾರೆಯ ಬೆನ್ನಿಗೆ ಏನು ಬಳಿದೆ ಅನ್ನುವುದನ್ನು ಮಾತ್ರ ಕೇಳಬೇಡಿ. ಅದು ನನ್ನ ಹೊಟ್ಟೆಪಾಡು.

ಬಿಡುವಿನಲ್ಲಿ ನಮ್ಮೂರ ಕಡೆಯ ಹಾಗೆ ಸುಣ್ಣಕ್ಕೆ ಬೆಲ್ಲದ ನೀರು ಹಾಕಿಯೂ ನೋಡಿದೆ. ಸ್ಯಾಂಪಲ್ ಆ ಚಳಿಯಲ್ಲಿ ಬೇಗ ಗಟ್ಟಿಯಾಗಲೇ ಇಲ್ಲ, ಬೂಸ್ಟು ಬೇರೆ ಹಿಡಿಯಿತು. ಅಳಲೆಕಾಯಿ ಸಿಕ್ಕಿದ್ದರೆ ಅದನ್ನೂ ಬಿಡುತ್ತಿರಲಿಲ್ಲ.

ಕಾರ್ನಿಸ್, ಅಂದರೆ ಗೋಡೆ ಚಾವಣಿ ಸೇರುವಲ್ಲಿನ ಗಾರೆಯ ಅಲಂಕಾರದ ಅಂಚು, ಅದರ ವಿಷಯಕ್ಕೆ ಜಗಳವೇ ಆಯಿತು. ಮುಂದಿನ ಕೋಣೆಯದು ಭರ್ಜರಿ, ಹಲ್ಲುಸಾಲಿನದು. ಹಿಂದಿನದು ಸಾದಾ. ಎಲ್ಲ ಕಡೆ ಭರ್ಜರಿಯದೇ ಎಳೆಯಿರಿ ಅಂದರು ಮಾಲೀಕರು. ನಾನು ಒಪ್ಪಲಿಲ್ಲ. ಮೊದಲಿನಿಂದಲೂ ಒಂದೇ ಹಾಲ್ ಇತ್ತು ಅನ್ನುವ ಸುಳ್ಳನ್ನು ಗಾರೆಯಲ್ಲಿ ಯಾಕೆ ಹೇಳಬೇಕು? ಗೋಡೆ ಇದ್ದ ಜಾಗದಲ್ಲಿ ತೊಲೆಯ ಕೆಳಕ್ಕೆ ಪಟ್ಟಿ ಇಳಿಸಿ, ಎರಡೂ ಕಾರ್ನಿಸನ್ನು ಅಲ್ಲಲ್ಲೇ ನಿಲ್ಲಿಸಿದೆ. ಹಸಿ ಗಾರೆಯ ಮೇಲೆ ಎಳೆದು ಕಾರ್ನಿಸಿಗೆ ಆಕಾರ ಕೊಡುವ ಝಿಂಕ್ ಅಚ್ಚು ನಾನೇ ಕತ್ತರಿಸಿದ್ದು. ಹೊಸ ತುಂಡು ಯಾವುದು, ಹಳೆಯದು ಯಾವುದು ಅಂತ ಇನ್ನೂ ಯಾರೂ ತೋರಿಸಿಲ್ಲ.

ಕಿತ್ತು ಹೊಸದು ಮಾಡಲು ಸುಮಾರು 38 ಸಾವಿರ ಪೌಂಡ್ ಕೋಟ್ ಬಂದಿತ್ತು. ನಮ್ಮದು 26 ಸಾವಿರದ ಆಸುಪಾಸಿಗೆ ಮುಗಿಯಿತು, ಬೂದಿ ಸಾಗಿಸಿದ್ದೂ ಸೇರಿ. ನೆಲಮಾಳಿಗೆಯ ಕಾಂಕ್ರೀಟ್ ಸ್ಟ್ರಾಂಗ್‌ರೂಮ್ ಒಡೆಯಲು ಅದಕ್ಕಿಂತ ಜಾಸ್ತಿ ಕೇಳಿದರು. ಅದನ್ನು ಹಾಗೇ ಬಿಟ್ಟಿದ್ದೇವೆ.