ಹಾಸನದಿಂದ ರೋಮ್‌ಗೆ: ಮೊದಲು ಪ್ರಶ್ನೆ, ಆಮೇಲೆ ಪಾಸ್‌ಪೋರ್ಟ್

ಕೃಷಿ ಓದುವ ಮಕ್ಕಳನ್ನು ವಿದೇಶಕ್ಕೆ ಕರೆದೊಯ್ಯುವ ಆಸೆ ಇದೆಯಾ? ರೋಮ್‌ನಲ್ಲಿರುವ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಂದರೆ ಎಫ್‌ಎಒ, ಒಳ್ಳೆಯ ಜಾಗ. ಸಾಮಾನ್ಯವಾಗಿ ಎಲ್ಲರೂ ವಿಮಾನದ ಟಿಕೆಟ್‌ನಿಂದ ಶುರು ಮಾಡುತ್ತಾರೆ. ನೀವು ಆಲೂಗಡ್ಡೆಯಿಂದ ಶುರು ಮಾಡಿ.

ಮೊದಲ ಕೆಲಸ: ಮೇ ತಿಂಗಳಲ್ಲಿ ಮಕ್ಕಳನ್ನು ಹಾಸನದ ಎಪಿಎಂಸಿಗೆ ಕರೆದುಕೊಂಡು ಹೋಗಿ. ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಗಡ್ಡೆ ಬಂದು ಇಳಿಯುವ ಕಾಲ ಅದು. ನಮ್ಮ ಹೊಲಕ್ಕೆ ಬೀಜ ಅಷ್ಟು ದೂರದಿಂದ ಯಾಕೆ ಬರಬೇಕು? ಅಂಗಮಾರಿ ರೋಗ ಬಂದರೆ ಬೆಳೆ ಯಾಕೆ ಅಷ್ಟು ಬೇಗ ಹೋಗುತ್ತದೆ? ರೈತರನ್ನೇ ಕೇಳಿ, ಮಕ್ಕಳು ಬರೆದುಕೊಳ್ಳಲಿ. ಅಲ್ಲಿಂದ ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿಗೂ ಒಂದು ದಿನ ಹೋಗಿ ಬನ್ನಿ. ಅಲ್ಲಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ.

ಈಗ ಈ ಪ್ರಶ್ನೆಗಳನ್ನು ಎಫ್‌ಎಒ ಕೆಲಸಕ್ಕೆ ಹೊಂದಿಸಿ. 2001ರಲ್ಲಿ ಅಲ್ಲಿ ಒಂದು ಬೀಜ ಒಪ್ಪಂದ ಆಯಿತು. ಕೆಲವು ಬೆಳೆಗಳ ತಳಿಗಳನ್ನು ದೇಶಗಳು ಪರಸ್ಪರ ಹಂಚಿಕೊಳ್ಳುವ ಒಪ್ಪಂದ. ಆಗ ಮಾಡಿದ ಪಟ್ಟಿಯಲ್ಲಿ ರಾಗಿ ಇದೆ, ಆಲೂಗಡ್ಡೆ ಇದೆ. ಕಾಫಿ ಇಲ್ಲ! ಯಾಕಿಲ್ಲ? ಹಾಸನ, ಚಿಕ್ಕಮಗಳೂರಿನ ಮಕ್ಕಳು ಕೇಳಬೇಕಾದ ಪ್ರಶ್ನೆ ಇದು, ಅಲ್ವಾ? ಪ್ರಶ್ನೆ ಇಲ್ಲದೆ ಹೋದರೆ ಸುಮ್ನೆ ಕಟ್ಟಡ ನೋಡಿ, ಸೆಲ್ಫಿ ತೆಗೆದು ಬರುತ್ತೀರಿ.

ಎರಡನೆಯದು ಎಫ್‌ಎಒಗೆ ಪತ್ರ. ನಾಲ್ಕೈದು ತಿಂಗಳ ಮೊದಲೇ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಬರೆಯಿರಿ. ಎಷ್ಟು ಜನ, ಯಾವ ವಯಸ್ಸು, ಯಾವ ವಿಷಯ ಎಂದು ಹೇಳಿ, ಜೊತೆಗೆ ನಿಮ್ಮ ಪ್ರಶ್ನೆಗಳನ್ನೂ ಹಾಕಿ. ಯಾರ ಜೊತೆ ಮಾತಾಡಿಸಬೇಕು ಎಂದು ಅವರಿಗೆ ಗೊತ್ತಾಗಬೇಕಲ್ಲ. ಆಗಸ್ಟ್ ಬೇಡ, ಇಡೀ ಇಟಲಿ ರಜೆಯಲ್ಲಿರುತ್ತದೆ. ಅಕ್ಟೋಬರ್ 16 ವಿಶ್ವ ಆಹಾರ ದಿನ, 1945ರಲ್ಲಿ ಸಂಸ್ಥೆ ಹುಟ್ಟಿದ ದಿನ. ಕೇಳಲು ಚೆಂದ, ಆದರೆ ಆಗ ಸಭೆಗಳ ಗದ್ದಲ ಜಾಸ್ತಿ.

ಪಾಸ್‌ಪೋರ್ಟ್‌ನಲ್ಲಿ ನಮ್ಮವರಿಗೆ ಕಾಟ ಕೊಡುವುದು ಇನಿಶಿಯಲ್. ಅಂಕಪಟ್ಟಿಯಲ್ಲಿ 'ಎಚ್.ಆರ್.', ಆಧಾರ್‌ನಲ್ಲಿ ಅಪ್ಪನ ಹೆಸರು, ಇನ್ನೊಂದರಲ್ಲಿ ಊರಿನ ಹೆಸರು. ಮೊದಲು ಎಲ್ಲ ದಾಖಲೆಯಲ್ಲೂ ಹೆಸರು ಒಂದೇ ಮಾಡಿಸಿ. 18 ತುಂಬದವರಿಗೆ ಅಪ್ಪ ಅಮ್ಮ ಇಬ್ಬರೂ ಸಹಿ ಹಾಕಿದ ಒಪ್ಪಿಗೆ ಬೇಕು.

ಇಟಲಿಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ ಬೇಕು. ಹೊರಡುವ ಆರು ತಿಂಗಳ ಒಳಗೆ ಅರ್ಜಿ ಹಾಕಬಹುದು, ಕೊನೇಪಕ್ಷ 15 ದಿನ ಮೊದಲು ಹಾಕಲೇಬೇಕು. ಕೊನೇ ಗಳಿಗೆವರೆಗೆ ಕಾಯಬೇಡಿ. ಬೆರಳಚ್ಚು ಕೊಡಲು ಮಕ್ಕಳೇ ಬೆಂಗಳೂರಿಗೆ ಬರಬೇಕು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಓದಿಗಾಗಿ ಹೋಗುವ ವಿದ್ಯಾರ್ಥಿಗಳಿಗೂ ಜೊತೆಗಿರುವ ಮೇಷ್ಟ್ರಿಗೂ ವೀಸಾ ಶುಲ್ಕದ ವಿನಾಯಿತಿ ನಿಯಮದಲ್ಲೇ ಇದೆ. ಅದನ್ನು ನೀವಾಗಿಯೇ ಕೇಳಿ.

ಪೆಟ್ಟಿಗೆ ತುಂಬುವಾಗ ಒಂದು ಎಚ್ಚರಿಕೆ. ಅಮ್ಮಂದಿರು ತುಪ್ಪದ ಡಬ್ಬಿ ಇಟ್ಟೇ ಇಡುತ್ತಾರೆ, ತೆಗೆಸಿ. ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ. ಅಲ್ಲಿ ತೋರಿಸೋಣ ಎಂದು ಬಿತ್ತನೆ ರಾಗಿಯನ್ನೂ ಒಯ್ಯಬೇಡಿ, ಅದಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಹೊಲದ ಫೋಟೊ ಸಾಕು. ಚಟ್ನಿಪುಡಿ ಇರಲಿ.

ರೋಮ್‌ನಲ್ಲಿ ಟೆರ್ಮಿನಿ ನಿಲ್ದಾಣದಿಂದ ಮೆಟ್ರೊ ಬಿ ಮಾರ್ಗ ಹಿಡಿದು, ಮೂರನೇ ನಿಲ್ದಾಣ ಚಿರ್ಕೊ ಮಾಸ್ಸಿಮೊದಲ್ಲಿ ಇಳಿಯಿರಿ. ಹೊರಗೆ ಬಂದರೆ ಎದುರಿಗೇ ಎಫ್‌ಎಒ ಕಟ್ಟಡ. ಅಸಲು ಪಾಸ್‌ಪೋರ್ಟ್ ಕೈಯಲ್ಲಿರಲಿ, ಗೇಟಿನಲ್ಲಿ ತಪಾಸಣೆ ಇರುತ್ತದೆ. 1956ರಿಂದ 1967ರವರೆಗೆ ಈ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಭಾರತದ ಬಿ.ಆರ್. ಸೇನ್. ಒಳಗೆ ಹೋಗುವ ಮೊದಲು ಮಕ್ಕಳಿಗೆ ಇದನ್ನು ಹೇಳಿ, ಬಾಯಿ ಬಿಡಲು ಧೈರ್ಯ ಬರುತ್ತದೆ. ಮೊದಲ ಪ್ರಶ್ನೆ ಮೇಷ್ಟ್ರು ಕೇಳಬೇಡಿ. ಎರಡು ನಿಮಿಷ ಮೌನವಾದರೂ ಕಾಯಿರಿ.

ವಾಪಸ್ ಬಂದ ವಾರದಲ್ಲೇ ಮತ್ತೆ ಎಪಿಎಂಸಿಗೆ ಹೋಗಿ. ಮೇ ತಿಂಗಳಲ್ಲಿ ಮಾತಾಡಿದ ರೈತರನ್ನು ಹುಡುಕಿ, ರೋಮ್‌ನಲ್ಲಿ ಸಿಕ್ಕ ಉತ್ತರವನ್ನು ಮಕ್ಕಳೇ ಹೇಳಲಿ. ಸ್ಲೈಡ್ ಬೇಡ, ಟೀ ಅಂಗಡಿಯ ಬೆಂಚು ಸಾಕು.