ಸಾಸ್‌ನಲ್ಲಿ ಅಡಗಿದ ಗೋಧಿ: ಹೊರಗೆ ಊಟ ಮಾಡುವಾಗ ಗ್ಲುಟೆನ್ ತಪ್ಪಿಸುವುದು ಹೇಗೆ?

‘ಇದಕ್ಕೆ ಗೋಧಿ ಹಾಕಿಲ್ಲ ತಾನೆ?’ ಎಂದು ಕೇಳಿದೆ. ‘ಇಲ್ಲ ಇಲ್ಲ, ಬರೀ ಮೈದಾ’ ಎಂದರು ಆರ್ಡರ್ ಬರೆದುಕೊಳ್ಳುತ್ತಿದ್ದವರು. ಅವರೇನೂ ಸುಳ್ಳು ಹೇಳಲಿಲ್ಲ. ಮೈದಾ ಬರುವುದು ಗೋಧಿಯಿಂದಲೇ ಎಂಬುದು ಆ ಗಡಿಬಿಡಿಯಲ್ಲಿ ಅವರಿಗೆ ಹೊಳೆಯಲಿಲ್ಲ, ಅಷ್ಟೇ. ತಪ್ಪು ನನ್ನ ಪ್ರಶ್ನೆಯದ್ದು. ಅಂದಿನಿಂದ ‘ಇದೆಯಾ, ಇಲ್ವಾ’ ಎನ್ನುವುದನ್ನು ಬಿಟ್ಟು ‘ಇದನ್ನು ಹೇಗೆ ಮಾಡ್ತೀರಿ’ ಎಂದು ಕೇಳಲು ಶುರು ಮಾಡಿದೆ.

ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಪ್ರೋಟೀನೇ ಗ್ಲುಟೆನ್. ಹಿಟ್ಟು ಕಲಸಿದಾಗ ಜಿಗುಟಾಗುವುದು, ಬ್ರೆಡ್ ಉಬ್ಬಿ ನಿಲ್ಲುವುದು ಅದರಿಂದಲೇ. ಸೀಲಿಯಾಕ್ ಕಾಯಿಲೆ ಇರುವವರು ಇದನ್ನು ತಿಂದರೆ, ರೋಗದಿಂದ ಕಾಪಾಡಬೇಕಾದ ದೇಹದ ಕಾವಲು ಪಡೆಯೇ ಸಣ್ಣ ಕರುಳಿನ ಒಳಪದರದ ಮೇಲೆ ತಿರುಗಿ ಬೀಳುತ್ತದೆ. ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಹೆಚ್ಚಿನವರ ಕರುಳು ತಡೆದುಕೊಳ್ಳುತ್ತದೆ. ದಿನವೂ 50 ಮಿಲಿಗ್ರಾಂ ಹೋದರೆ ಹಾನಿ ಶುರುವಾಗುತ್ತದೆ. ಒಂದು ಸ್ಲೈಸ್ ಬ್ರೆಡ್‌ನಲ್ಲಿ 2 ಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇರುತ್ತದೆ. ಆ ಸ್ಲೈಸನ್ನು ಇನ್ನೂರು ಚೂರು ಮಾಡಿ. ಅದರಲ್ಲಿ ಒಂದೇ ಚೂರು ಸಾಕು, ಆ 10 ಮಿಲಿಗ್ರಾಂ ಮುಗಿದೇ ಹೋಯಿತು. ‘ಸ್ವಲ್ಪ ತಿಂದ್ರೆ ಏನಾಗುತ್ತೆ’ ಎನ್ನುವವರಿಗೆ ನಾನು ಹೇಳುವ ಲೆಕ್ಕ ಇದು.

ಮೊದಲು: ಫೋನ್ ಮಾಡುವ ಹೊತ್ತು

ಹೋಗುವ ಮುಂಚೆ ಮೆನು ನೋಡಿ, ಫೋನ್ ಮಾಡಿ. ಊಟದ ಹೊತ್ತಿನಲ್ಲಿ ಬೇಡ. ಮಧ್ಯಾಹ್ನದ ಗದ್ದಲ ಮುಗಿದು ರಾತ್ರಿಯದು ಶುರುವಾಗುವ ನಡುವೆ ಮಾಡಿದರೆ ಅಡುಗೆಯವರೇ ಮಾತಿಗೆ ಸಿಗುತ್ತಾರೆ. ಊಟಕ್ಕೂ ಜನ ಕಡಿಮೆ ಇರುವ ಹೊತ್ತೇ ಒಳ್ಳೆಯದು. ಅವಸರದ ಕೈ ಯಾವ ಸೌಟು ಎಲ್ಲಿತ್ತು ಎಂದು ನೋಡುವುದಿಲ್ಲ.

ಆಮೇಲೆ: ಮೆನುವನ್ನು ಅನುಮಾನದಿಂದ ಓದಿ

ಬ್ರೆಡ್, ಪಾಸ್ತಾ, ಕೇಕ್ ಎಲ್ಲರಿಗೂ ಗೊತ್ತು. ಅವು ಶತ್ರುಗಳೇ ಅಲ್ಲ, ಕಣ್ಣಿಗೆ ಕಾಣುತ್ತವಲ್ಲ. ಕಾಣದವು ಬೇರೆ ಇವೆ.

ದಪ್ಪಗಿರುವ ಯಾವುದನ್ನು ನೋಡಿದರೂ ಕೇಳಿ: ಇದು ದಪ್ಪ ಆದದ್ದು ಹೇಗೆ? ಕ್ರೀಮ್ ಸೂಪ್, ಗ್ರೇವಿ, ಬಿಳಿ ಸಾಸ್ ಇವಕ್ಕೆ ಬೆಣ್ಣೆಯಲ್ಲಿ ಹುರಿದ ಮೈದಾ ಬೀಳುವುದೇ ಜಾಸ್ತಿ. ಕಾರ್ನ್‌ಫ್ಲೋರ್ ಆದರೆ ಪರವಾಗಿಲ್ಲ, ಅದು ಮೆಕ್ಕೆಜೋಳದ ಪಿಷ್ಟ.

ಸೋಯಾ ಸಾಸ್ ದೊಡ್ಡ ಕಳ್ಳ. ಹೆಸರಿನಲ್ಲಿ ಸೋಯಾ ಮಾತ್ರ ಇದೆ. ಆದರೆ ಮಾಮೂಲಿ ಸೋಯಾ ಸಾಸನ್ನು ಸೋಯಾ ಜೊತೆ ಗೋಧಿ ಸೇರಿಸಿ ಹುದುಗಿಸುತ್ತಾರೆ. ಅದು ಸೋಯಾ ಸಾಸ್ ಆಗಿಯೇ ನಿಮ್ಮ ಮುಂದೆ ಬರಬೇಕು ಅಂತಲೂ ಇಲ್ಲ. ಮಾಂಸ ನೆನೆಸಿದ ಮಸಾಲೆಯಲ್ಲಿ, ಸಲಾಡ್ ಡ್ರೆಸಿಂಗ್‌ನಲ್ಲಿ, ಬಾರ್ಬೆಕ್ಯೂ ಸಾಸ್‌ನಲ್ಲಿ ಕೂತಿರುತ್ತದೆ. ಮಾಲ್ಟ್ ಎಂಬ ಪದ ಕಂಡರೂ ನಿಲ್ಲಿ, ಅದು ಸಾಮಾನ್ಯವಾಗಿ ಬಾರ್ಲಿ. ಮಾಲ್ಟ್ ವಿನೆಗರ್ ಬೇಡ. ಬಟ್ಟಿ ಇಳಿಸಿದ ಬಿಳಿ ವಿನೆಗರ್ ಆಗಬಹುದು. ಸಾಸೇಜ್, ಕಟ್‌ಲೆಟ್, ಮಾಂಸದ ಉಂಡೆಗಳಲ್ಲಿ ಬ್ರೆಡ್ ಪುಡಿ ಇರುತ್ತದೆ. ಏಡಿ ಮಾಂಸದಂತೆ ಕಾಣುವ ಕಡ್ಡಿಗಳಲ್ಲಿ ಗೋಧಿ ಪಿಷ್ಟ. ಆಮ್ಲೆಟ್ ಮೇಲೆ ಯಾರೂ ಅನುಮಾನ ಪಡುವುದಿಲ್ಲ ಅಲ್ವಾ? ಕೆಲವು ಕಡೆ ಅದು ಚೆನ್ನಾಗಿ ಉಬ್ಬಲಿ ಎಂದು ಒಂದು ಸೌಟು ಪ್ಯಾನ್‌ಕೇಕ್ ಹಿಟ್ಟು ಸುರಿಯುತ್ತಾರೆ.

ಓಟ್ಸ್ ಕಥೆ ಬೇರೆ. ಅದರಲ್ಲಿ ಗೋಧಿಯ ಗ್ಲುಟೆನ್ ಇಲ್ಲ. ಆದರೆ ಹೊಲದಲ್ಲಿ, ಲಾರಿಯಲ್ಲಿ, ಗಿರಣಿಯಲ್ಲಿ ಗೋಧಿ, ಬಾರ್ಲಿ ಬೆರೆತು ಬರುತ್ತವೆ. ಗ್ಲುಟೆನ್ ಫ್ರೀ ಎಂದು ಬರೆದ ಓಟ್ಸ್ ಅಲ್ಲದಿದ್ದರೆ ಬಿಟ್ಟುಬಿಡಿ. ಬರೆದಿದ್ದರೂ ಕೆಲವರಿಗೆ ಓಟ್ಸ್ ಒಗ್ಗುವುದಿಲ್ಲ.

ಅಡುಗೆಮನೆಯೊಳಗೆ ಇಣುಕುವ ಪ್ರಶ್ನೆಗಳು

ಪದಾರ್ಥ ಸರಿ ಇದ್ದರೂ ಪಾತ್ರೆ ಕೈಕೊಡುತ್ತದೆ. ನನ್ನ ಪ್ರಕಾರ ಹೆಚ್ಚಿನವರು ಸೋಲುವುದು ಇಲ್ಲೇ. ಫ್ರೆಂಚ್ ಫ್ರೈಸ್ ತಗೊಳ್ಳಿ. ಆಲೂಗಡ್ಡೆ, ಎಣ್ಣೆ, ಉಪ್ಪು. ಆದರೆ ಅದೇ ಎಣ್ಣೆಯಲ್ಲಿ ಸ್ವಲ್ಪ ಮುಂಚೆ ಬ್ರೆಡ್ ಪುಡಿ ಮೆತ್ತಿದ ಕೋಳಿ ಕರಿದಿದ್ದರೆ ಚೂರುಗಳು ಅಲ್ಲೇ ತೇಲುತ್ತಿರುತ್ತವೆ. ಎಣ್ಣೆ ಎಷ್ಟೇ ಕಾದಿರಲಿ, ಗ್ಲುಟೆನ್ ಸುಟ್ಟು ಹೋಗುವುದಿಲ್ಲ. ಅದು ರೋಗಾಣು ಅಲ್ಲ, ಬಿಸಿಗೆ ಸಾಯಲು. ಹಾಗಾಗಿ ಕೇಳಬೇಕಾದ್ದು ‘ಫ್ರೈಸ್‌ನಲ್ಲಿ ಗ್ಲುಟೆನ್ ಇದೆಯಾ’ ಅಂತ ಅಲ್ಲ. ‘ಈ ಎಣ್ಣೆಯಲ್ಲಿ ಬೇರೇನು ಕರಿಯುತ್ತೀರಿ?’

ನೀರಿಗೂ ಇದೇ ಮಾತು. ಪಾಸ್ತಾ ಬೇಯಿಸಿದ ನೀರಿನಲ್ಲೇ ತರಕಾರಿ ಅದ್ದಿ ತೆಗೆಯುವ ಅಡುಗೆಮನೆಗಳಿವೆ. ಗ್ಲುಟೆನ್ ಇಲ್ಲದ ಪಾಸ್ತಾವನ್ನೂ ಅದೇ ನೀರಿಗೆ ಹಾಕಿದರೆ ಏನು ಪ್ರಯೋಜನ? ಬ್ರೆಡ್ ಸುಡುವ ಟೋಸ್ಟರ್, ಬನ್ ಬಿಸಿ ಮಾಡುವ ತವಾ, ಕತ್ತರಿಸುವ ಹಲಗೆ, ಸೋಸುವ ಜಾಲರಿ ಎಲ್ಲವನ್ನೂ ಕೇಳುತ್ತಾ ಕೂತರೆ ತಲೆ ಕೆಡುತ್ತದೆ, ನಿಜ. ನಾನು ಮೂರೇ ಕೇಳುತ್ತೇನೆ: ಎಣ್ಣೆ, ನೀರು, ತವಾ. ಈ ಮೂರಕ್ಕೆ ತಡವರಿಸದೆ ಉತ್ತರ ಬಂದರೆ ಉಳಿದದ್ದರ ಬಗ್ಗೆಯೂ ಅಲ್ಲಿ ಯಾರೋ ಯೋಚಿಸಿದ್ದಾರೆ ಎಂದರ್ಥ. ‘ಇರಿ, ಒಳಗೆ ಕೇಳಿ ಬರ್ತೀನಿ’ ಎಂದರೂ ಖುಷಿಯೇ. ಏನೂ ಕೇಳದೆ ‘ಎಲ್ಲಾ ಓಕೆ’ ಎಂದರೆ ನಾನು ಹಣ್ಣಿನ ತಟ್ಟೆಗೆ ಇಳಿದುಬಿಡುತ್ತೇನೆ.

ಮೆನುವಿನಲ್ಲಿ ‘ಗ್ಲುಟೆನ್ ಫ್ರೀ’ ಎಂದು ಬರೆದಿದ್ದರೂ ಕೇಳಿ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ, ಹಾಗೆ ಬರೆದ ಆಹಾರದಲ್ಲಿ ಕಿಲೋಗೆ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇರಬಾರದು. ಫ್ಯಾಕ್ಟರಿಯ ಪೊಟ್ಟಣವನ್ನು ಪರೀಕ್ಷೆ ಮಾಡಬಹುದು. ನಿಮ್ಮ ತಟ್ಟೆಯನ್ನು ಯಾರು ಅಳೆಯುತ್ತಾರೆ?

ಹೇಳುವ ರೀತಿ

‘ಗ್ಲುಟೆನ್ ಬೇಡ’ ಎಂದಷ್ಟೇ ಹೇಳಿದರೆ ಡಯಟ್ ಮಾಡುತ್ತಿದ್ದೀರಿ ಅಂದುಕೊಳ್ಳುತ್ತಾರೆ. ‘ನನಗೆ ಕಾಯಿಲೆ ಇದೆ, ಚೂರು ಗೋಧಿ, ಮೈದಾ, ರವೆ, ಬಾರ್ಲಿ ಸೇರಿದರೂ ಆಗಲ್ಲ’ ಎಂದು ಹೆಸರು ಹಿಡಿದು ಹೇಳಿ. ಇದನ್ನೇ ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಇನ್ನೂ ಒಳ್ಳೆಯದು. ಬಾಯಿಂದ ಬಾಯಿಗೆ ಹೋಗುವಾಗ ಮಾತು ಸೋರುತ್ತದೆ, ಚೀಟಿ ನೇರ ಒಲೆಯ ಮುಂದೆ ಹೋಗುತ್ತದೆ. ಆರ್ಡರ್ ಮಾಡುವಾಗ ಸರಳವಾದದ್ದು ಆರಿಸಿ: ಬೇಯಿಸಿದ ಆಲೂಗಡ್ಡೆ, ಬಿಳಿ ಅನ್ನ, ತೊಳೆದ ಬಾಣಲೆಯಲ್ಲಿ ಉಪ್ಪು, ಮೆಣಸು, ನಿಂಬೆ ಹಾಕಿ ಬೇಯಿಸಿದ ಮೀನು ಅಥವಾ ತರಕಾರಿ. ಸಾಸ್ ಇಲ್ಲದೆ. ಸಪ್ಪೆ ಅನಿಸುತ್ತದೆ, ಒಪ್ಪಿದೆ.

ತಟ್ಟೆ ಬಂದ ಮೇಲೆ

ತುತ್ತು ಎತ್ತುವ ಮೊದಲು ಒಂದು ಸಲ ಕೇಳಿ: ‘ಇದು ಗ್ಲುಟೆನ್ ಇಲ್ಲದ್ದು ತಾನೆ?’ ತಟ್ಟೆ ಅದಲು ಬದಲಾಗುವುದು ಅಪರೂಪವೇನಲ್ಲ. ಸಲಾಡ್ ಮೇಲೆ ಹುರಿದ ಬ್ರೆಡ್ ತುಂಡು ಕಂಡರೆ ಅದನ್ನು ಆರಿಸಿ ಪಕ್ಕಕ್ಕಿಟ್ಟು ತಿನ್ನಬೇಡಿ, ಪುಡಿ ಆಗಲೇ ಉದುರಿರುತ್ತದೆ. ಹೊಟ್ಟೆ ನೋಯಲಿಲ್ಲ ಎಂದರೆ ಹಾನಿ ಆಗಲಿಲ್ಲ ಎಂದೂ ಅಲ್ಲ. ಎಷ್ಟೋ ಜನರಿಗೆ ಲಕ್ಷಣ ಕಾಣದೆಯೇ ಕರುಳು ಕೆಡುತ್ತಿರುತ್ತದೆ. ಹೊಸದಾಗಿ ಮಾಡಿಕೊಡಲು ಹೇಳಿ. ಮತ್ತೆ, ಆ ಹಳೆಯ ತಟ್ಟೆಯನ್ನು ಒಳಗೆ ಕಳಿಸಬೇಡಿ. ಹೊಸದು ಬರುವ ತನಕ ನಿಮ್ಮ ಮೇಜಿನ ಮೇಲೇ ಇರಲಿ. ಒಳಗೆ ಹೋದರೆ ಬ್ರೆಡ್ ತುಂಡು ಮಾತ್ರ ತೆಗೆದ ಅದೇ ಸಲಾಡ್ ವಾಪಸ್ ಬಂದೀತು.