ಪ್ರವಾಸಿ ಶೌಚಾಲಯದ ಕೀಲಿ ಕೈಗೆ ಬರುವ ಮುನ್ನ

ಪ್ರವಾಸಿ ತಾಣವಿರುವ ಊರಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾಗಿ ಬಂದಿದ್ದೀರಾ? ಪ್ರವಾಸಿ ಶೌಚಾಲಯವನ್ನು ಪಂಚಾಯಿತಿಗೆ ವಹಿಸುವ ಹಸ್ತಾಂತರದ ಪತ್ರಕ್ಕೆ ಕಣ್ಣುಮುಚ್ಚಿ ಸಹಿ ಹಾಕಬೇಡಿ. ನಾನು ಹಾಕಿ ಅನುಭವಿಸಿದ್ದೇನೆ. ಗ್ರಾನೈಟ್ ಹಾಸಿದ ಶೌಚಾಲಯ, ನಲ್ಲಿ ತಿರುಗಿಸಿದರೆ ಬರೀ ಗಾಳಿ; ನೀರಿನ ಸಂಪರ್ಕವೇ ಅಂದಾಜುಪಟ್ಟಿಯಲ್ಲಿರಲಿಲ್ಲ.

ಸ್ವದೇಶ ದರ್ಶನದಂಥ ಕೇಂದ್ರ ಪ್ರವಾಸೋದ್ಯಮ ಯೋಜನೆ ಕಟ್ಟುವುದಕ್ಕೆ ಹಣ ಕೊಡುತ್ತದೆ, ನಿರ್ವಹಣೆ ರಾಜ್ಯದ ಹೊಣೆ. ಆ ಹೊಣೆ ಇಳಿಯುತ್ತ ಇಳಿಯುತ್ತ ಪಂಚಾಯಿತಿ ಬಾಗಿಲಿಗೆ ಬಂದಾಗ ಹಣ ಮಾತ್ರ ಜೊತೆಗಿರುವುದಿಲ್ಲ. ಆದ್ದರಿಂದ ಎಂಜಿನಿಯರ್ ಜೊತೆ ಹೋಗಿ ಪ್ರತಿ ನಲ್ಲಿಯನ್ನೂ ತಿರುಗಿಸಿ, ಶೌಚಗುಂಡಿಯ ಮುಚ್ಚಳ ಎತ್ತಿಸಿ ನೋಡಿ. ವಿದ್ಯುತ್ ಮೀಟರ್ ಯಾರ ಹೆಸರಿನಲ್ಲಿದೆ ಎಂದು ಕೇಳಿ. ಗುತ್ತಿಗೆದಾರನ ಹಳೆಯ ಬಾಕಿ ನಿಮ್ಮ ತಲೆಗೆ ಬೀಳಬಾರದು.

ಆಮೇಲೆ ವರ್ಷದ ಲೆಕ್ಕ ಬರೆಯಿರಿ: ಇಬ್ಬರ ಸಂಬಳ, ಕರೆಂಟ್ ಬಿಲ್, ಫಿನಾಯಿಲ್, ಗುಂಡಿ ಖಾಲಿ ಮಾಡುವ ಗಾಡಿ. ಪಂಚಾಯಿತಿಗಳಿಗೆ ಬಂದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 30 ನೈರ್ಮಲ್ಯಕ್ಕೆ ಮೀಸಲಿತ್ತು, ನಮ್ಮಲ್ಲಿ ಅದು ಚರಂಡಿಗೇ ಸಾಲುತ್ತಿರಲಿಲ್ಲ. ಆದ್ದರಿಂದ ಬೇರೆ ಆದಾಯ ಹುಡುಕಿ: ಪಂಚಾಯಿತಿ ಜಾಗದಲ್ಲಿ ವಾಹನ ನಿಲ್ಲುವುದಾದರೆ ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿ, ನಿಲುಗಡೆ ಶುಲ್ಕ ವಸೂಲಿಯ ಹಕ್ಕನ್ನು ಬೇಸಿಗೆ ರಜೆಗೆ ಮುನ್ನವೇ ಹರಾಜು ಹಾಕಿ.

ಕೀಲಿ ಎರಡು ಮಾಡಿಸಿ. ನಮ್ಮದು ನೀರುಗಂಟಿಯ ಜೇಬಿನಲ್ಲಿ ಅವನ ಮಗಳ ಮದುವೆಗೆ ಹೋಗಿತ್ತು, ಇತ್ತ ಬಾಗಿಲ ಮುಂದೆ ಎರಡು ಬಸ್ ತುಂಬ ಶಾಲಾ ಮಕ್ಕಳು.